ಸೋಪು ಕುಡಿದ ಕಲ್ಲು

ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದ ಮಿನ್ನಿಯ ಮೂಗಿಗೆ ನಿಂಬೆಹಣ್ಣಿನ ವಾಸನೆ ಬಡಿಯಿತು. ಮನೆಯಲ್ಲಿ ಒಂದೂ ನಿಂಬೆಹಣ್ಣಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬಡಿಸಿ, ಬಾತುಕೊಂಡ ಕಾಲೆಳೆದುಕೊಂಡು ಬಂದಿದ್ದವಳು ನಾಲ್ಕನೇ ಮೆಟ್ಟಿಲಲ್ಲೇ ನಿಂತಳು. ಅದು ಪಾತ್ರೆ ತೊಳೆಯುವ ಸೋಪಿನ ವಾಸನೆ. ಪಾತ್ರೆಗಳನ್ನೆಲ್ಲ ಬೆಳಗ್ಗೆಯೇ ತೊಳೆದು ಒರೆಸಿಟ್ಟು ಹೋಗಿದ್ದವಳು ಅವಳೇ.

ಕೆಳಗೆ ಅವಳ ಅಕ್ಕ ಗಯೆತಾನಾ ಮೊಣಕೈವರೆಗೆ ಹಳದಿ ರಬ್ಬರ್ ಗ್ಲೌಸ್ ತೊಟ್ಟು, ಕೈಯಲ್ಲಿ ತಂತಿಯ ನಾರು ಹಿಡಿದು ನಿಂತಿದ್ದಳು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು, ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯ ಕಳೆ ಇತ್ತು. ಅವಳ ಪಕ್ಕದಲ್ಲಿ ಸಿಂಕಿಗೆ ಒರಗಿಸಿಟ್ಟ ಓವನ್ನಿನ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಪ್ಪತ್ತಾರು ವರ್ಷ ಬಾಣಲೆಯ ತಳದ ಹಾಗೆ ಕಪ್ಪಗಿದ್ದ ಕಲ್ಲು ಈಗ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು.

"ನೋಡೇ ಮಿನ್ನಿ, ಹೆಂಗಾಯ್ತು! ಇಡೀ ದಿನ ಉಜ್ಜಿದೀನಿ. ಅಡೀಲಿ ಇಂಥಾ ಬಣ್ಣ ಇತ್ತು ಅಂತ ನಿಂಗಾದ್ರೂ ಗೊತ್ತಿತ್ತಾ?"

ಮಿನ್ನಿಯ ಕೈಚೀಲ ಮೆಟ್ಟಿಲ ಮೇಲೆ ಬಿತ್ತು. "ಏನ್ ಹಾಕ್ದೆ ಇದಕ್ಕೆ?"

"ಸೋಪು. ಮೊದ್ಲು ಬಿಸಿನೀರಲ್ಲಿ ನೆನೆಸ್ದೆ, ಬೆಳಗ್ಗೆ ನೀನು ಹೋಗ್ತಿದ್ದ ಹಾಗೇ. ಎರಡು ಸಲ ಸೋಪು ಬದಲಾಯಿಸ್ದೆ. ನೀರು ನೋಡ್ಬೇಕಿತ್ತು ನೀನು, ಮಸಿ ಕಣೇ, ಬರೀ ಮಸಿ!"

"ಅಕ್ಕಾ," ಎಂದಳು ಮಿನ್ನಿ. ಉಳಿದ ಮೆಟ್ಟಿಲುಗಳನ್ನು ದಡದಡ ಇಳಿದಳು. ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. "ನಿಂಗೆ ತಲೆ ಸರಿ ಇದೆಯಾ? ಆ ಕಲ್ಲು ಏನು, ಊಟದ ತಟ್ಟೆನಾ? ಅದು ಸ್ಪಂಜಿನ ಹಾಗೆ ಕುಡಿಯುತ್ತೆ ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು! ಬೆಳಗ್ಗಿಂದ ಸೋಪು ಕುಡಿಸಿದೀಯಲ್ಲ, ನಾಡಿದ್ದು ಶುಕ್ರವಾರ ಬರೋರಿಗೆ ಏನು ತಿನ್ನಿಸ್ಲಿ? ನೊರೇನಾ?"

"ಹೊಲಸು ಅಂದ್ರೆ ಹೊಲಸು," ಎಂದು ಗಯೆತಾನಾ ಗ್ಲೌಸ್ ಕಳಚಿದಳು. "ನಿಂಗೆ ನಾಚಿಕೆ ಇಲ್ದೇ ಇದ್ರೆ ನಂಗಾದ್ರೂ ಇದೆ."

ಹೊಲಸು! ಆ ಒಂದು ಮಾತಿಗೆ ಮಿನ್ನಿಯ ಮೈಯೆಲ್ಲ ಉರಿದುಹೋಯಿತು. ಬೇರೆ ಯಾರ ಬಾಯಿಂದ ಬಂದಿದ್ದರೂ ತಡೆದುಕೊಂಡಾಳು. ಅದೇ ಅಪ್ಪನ ಮಗಳ ಬಾಯಿಂದ ಬಂದದ್ದನ್ನು ಹೇಗೆ ತಡೆಯುವುದು?

ಯಾಕೆಂದರೆ ಆ ಕಲ್ಲು ಅಂಗಡಿಯಿಂದ ಡಬ್ಬದಲ್ಲಿ ಬಂದದ್ದಲ್ಲ. ಈಗೇನೋ ಪಿಜ್ಜಾ ಕಲ್ಲು ಅಂತ ದುಂಡಗೆ, ತೆಳ್ಳಗೆ, ಬಣ್ಣದ ಕಾಗದ ಸುತ್ತಿ ಮಾರುತ್ತಾರೆ. ಕೊಂಡವರು ಎರಡು ಸಲ ಉಪಯೋಗಿಸಿ, ಮೂರನೇ ಸಲ ಒಡೆದು, ಹೂಕುಂಡದ ಕೆಳಗೆ ಇಡುತ್ತಾರೆ. ಮಿನ್ನಿಯ ಕಲ್ಲು ಅವಳ ಅಪ್ಪ ಅನಿಯೆಲ್ಲೋನ ಬೇಕರಿಯ ಭಟ್ಟಿಯ ನೆಲದ್ದು. ಒಂದೂವರೆ ಅಡಿ ಅಗಲ, ಎರಡು ಇಂಚು ದಪ್ಪ, ಹೊತ್ತರೆ ಸೊಂಟ ಹಿಡಿಯುವಷ್ಟು ಭಾರ. ಬಂದರಿನ ಹತ್ತಿರ ಹ್ಯಾರೋ ಬೀದಿಯಲ್ಲಿ ಆ ಭಟ್ಟಿ ನಲವತ್ತು ವರ್ಷ ರಾತ್ರಿ ತಪ್ಪದೆ ಉರಿದಿತ್ತು. ಶುಕ್ರವಾರ ಬಂತೆಂದರೆ ಬೀದಿಯ ಹೆಂಗಸರೆಲ್ಲ ಹಿಟ್ಟು ಕಲಸಿ, ಮೇಲೆ ಬಟ್ಟೆ ಮುಚ್ಚಿ ತರುತ್ತಿದ್ದರು. ಟೊಮೆಟೊ, ಉಪ್ಪು ಹಾಕಿಟ್ಟ ಸಣ್ಣ ಮೀನು, ತುರಿದ ಚೀಸು, ಅಷ್ಟೇ. ಅಂಚು ಕರಿ ಆಗದಿದ್ದರೆ ಅವರು ತಟ್ಟೆ ಮುಟ್ಟುತ್ತಿರಲಿಲ್ಲ. ಕಡಲು ದಾಟಿ ಈ ದೇಶಕ್ಕೆ ವಲಸೆ ಬಂದ ನಮ್ಮ ಜನ ಅದನ್ನು ಪಿಜ್ಜಾ ಅನ್ನುವುದೂ ಇಲ್ಲ, 'ಅಬೀಟ್ಸ್' ಅನ್ನುತ್ತಾರೆ.

ಆಮೇಲೆ ಹೆದ್ದಾರಿ ಬಂತು. ಬರುವುದಕ್ಕೆ ಮುಂಚೆ ಸರ್ಕಾರದ ಕಡೆಯಿಂದ ಕೋಟು ತೊಟ್ಟ ಒಬ್ಬ ಮನುಷ್ಯ ಮನೆಮನೆಗೂ ಹೋಗಿ ಕಾಗದದ ಮೇಲೆ ಏನೇನೋ ಗೀಚಿಕೊಂಡು ಹೋದ. ಎಂಟು ತಿಂಗಳ ಮೇಲೆ ಪತ್ರಿಕೆಯಲ್ಲಿ ಬಂತು: ಹ್ಯಾರೋ ಬೀದಿ ಕೊಳೆಗೇರಿಯಂತೆ, ವಾಸಕ್ಕೆ ಯೋಗ್ಯವಲ್ಲವಂತೆ. ಬೆಳಗಾಗುವ ಮುಂಚೆ ಎದ್ದು ತಮ್ಮ ಮನೆ ಮುಂದಿನ ಕಾಲುದಾರಿಯನ್ನೂ ಪೊರಕೆ ಹಿಡಿದು ಗುಡಿಸುತ್ತಿದ್ದ ಹೆಂಗಸರ ಬೀದಿ ಅದು! ಇವತ್ತಿಗೂ ಆ ಪತ್ರಿಕೆಯ ಮಾತು ನೆನೆದರೆ ಅವತ್ತಿನವರು ಹಲ್ಲು ಕಡಿಯುತ್ತಾರೆ. ಹೆದ್ದಾರಿಗಾಗಿ ಬೀದಿ ಕೆಡವಲು ಬುಲ್ಡೋಜರ್ ಬಂದ ದಿನ ಮಿನ್ನಿ ಭಟ್ಟಿಯ ನೆಲದಿಂದ ಒಂದು ಕಲ್ಲು ಕಿತ್ತುಕೊಂಡಳು. ಅಂಚೆಯವನಾಗಿದ್ದ ಗಂಡ ಮ್ಯಾಟಿ ಅದನ್ನು ಕಾಗದ ಹಂಚುವ ತಳ್ಳುಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದ. ಸರ್ಕಾರ ಕೆಡವಿದ್ದನ್ನು ಸರ್ಕಾರದ ಗಾಡಿಯಲ್ಲೇ ತಂದದ್ದು ತನ್ನ ಜೀವಮಾನದ ದೊಡ್ಡ ಸಾಹಸ ಎಂದು ಅವನು ಈಗಲೂ ಹೇಳಿಕೊಳ್ಳುತ್ತಾನೆ.

ಹೊಸ ಮನೆಯಲ್ಲಿ ಕಲ್ಲು ನೆಲಮಾಳಿಗೆಗೆ ಹೋಯಿತು. ನಮ್ಮವರ ಎಲ್ಲ ಮನೆಗಳಂತೆ ಈ ಮನೆಯಲ್ಲೂ ಎರಡು ಅಡುಗೆಮನೆ. ಮೇಲಿನದರಲ್ಲಿ ಒಲೆಯ ಮೇಲೆ ಕಸೂತಿ ಬಟ್ಟೆ ಹಾಸಿ ಅದರ ಮೇಲೆ ಹಣ್ಣಿನ ಬುಟ್ಟಿ ಇಟ್ಟಿರುತ್ತಾರೆ, ಹಣ್ಣು ಮೇಣದ್ದು. ಬೇಯಿಸುವುದು, ಹುರಿಯುವುದು, ಜಗಳ, ನಗು, ಊಟ ಎಲ್ಲ ಕೆಳಗೆ. ಮಿನ್ನಿ ಕಲ್ಲನ್ನು ಓವನ್ನಿನ ಕೆಳಗಿನ ಕಂಬಿಯ ಮೇಲೆ ಇಟ್ಟವಳು ಮತ್ತೆ ಹೊರಗೆ ತೆಗೆದಿರಲಿಲ್ಲ. ಓವನ್ ತಣ್ಣಗಿದ್ದಾಗಲೇ ಉರಿ ಹಚ್ಚುವಳು, ಕಲ್ಲೂ ಅದರ ಜೊತೆಯಲ್ಲೇ ನಿಧಾನವಾಗಿ ಕಾಯಲಿ ಎಂದು. ಬೆಂದ ಮೇಲೆ ಪೂರ್ತಿ ಆರುವ ತನಕ ಮುಟ್ಟುತ್ತಿರಲಿಲ್ಲ. ಮರುದಿನ ಹಿಟ್ಟು ಕೆರೆಯುವ ತಗಡಿನಿಂದ ಸೀದದ್ದನ್ನು ಮೀಟಿ, ಒಣ ಬ್ರಷ್ಷಿನಿಂದ ಗುಡಿಸುವಳು. ಅಂಟು ಹೆಚ್ಚಿದ್ದರೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒಂದು ಸಲ ಒರೆಸುವಳು, ಮುಗಿಯಿತು. ಎಣ್ಣೆ ಸವರುವುದಿಲ್ಲ, ಸೋಪು ತೋರಿಸುವುದಿಲ್ಲ. ಮೊದಲ ವರ್ಷ ಒಮ್ಮೆ ಮೈಮರೆತು ಕಾದ ಕಲ್ಲಿಗೆ ಒದ್ದೆ ಬಟ್ಟೆ ತಗುಲಿಸಿದಾಗ, ಪಟ್ ಎಂದು ಒಂದು ಮೂಲೆ ಹಾರಿತ್ತು. ಆ ಮುಕ್ಕಾದ ಮೂಲೆಯನ್ನು ನೋಡಿದಾಗಲೆಲ್ಲ ಅವಳಿಗೆ ಕೆನ್ನೆಗೆ ಬಡಿದಂತಾಗುತ್ತಿತ್ತು.

ಪ್ರತಿ ವರ್ಷ ಈಸ್ಟರಿಗೆ ಮುಂಚಿನ ಶುಭ ಶುಕ್ರವಾರ, ಹ್ಯಾರೋ ಬೀದಿಯವರಲ್ಲಿ ಉಳಿದವರು ಮಿನ್ನಿಯ ನೆಲಮಾಳಿಗೆಗೆ ಬರುತ್ತಿದ್ದರು. ಮೊದಮೊದಲು ಮೂವತ್ತು ಜನ, ಈಗ ಏಳು. ಆ ದಿನ ಉಪವಾಸ, ಒಂದೇ ಹೊತ್ತಿನ ಊಟ, ಮಾಂಸ ಇಲ್ಲ. ಆ ಒಂದು ಊಟ ಆ ಕಲ್ಲಿನ ಮೇಲಿನ ಅಬೀಟ್ಸ್. ಬೀದಿ ಎಂದು ಅವರಿಗೆ ಉಳಿದದ್ದು ಅಷ್ಟೇ. ಅದಕ್ಕೆ ಎರಡು ದಿನ ಇರುವಾಗ ಗಯೆತಾನಾ ಕಲ್ಲನ್ನು ನೀರಿಗೆ ಮುಳುಗಿಸಿದ್ದಳು.

ಅಕ್ಕನ ಶುಚಿಯ ಹುಚ್ಚು ಹೊಸದೇನಲ್ಲ. ಮದುವೆಯಾಗದೆ ಉಳಿದು, ತಂಗಿಯ ಮನೆಯ ಮೇಲಿನ ಕೋಣೆಯಲ್ಲಿದ್ದ ಗಯೆತಾನಾ ಬಾಗಿಲ ಹಿಡಿಕೆ ಒರೆಸುವಳು, ಒರೆಸಿದ ಬಟ್ಟೆ ಒಗೆಯುವಳು, ಒಗೆದ ಕೈ ತಿರುಗಿ ತೊಳೆಯುವಳು. ಇಪ್ಪತ್ತಾರು ವರ್ಷದಿಂದ ಮಿನ್ನಿ ಅದನ್ನು ಸಹಿಸಿಕೊಂಡೇ ಬಂದಿದ್ದಳು. ಆದರೆ ಕಲ್ಲಿನ ತಂಟೆಗೆ ಅಕ್ಕ ಯಾವತ್ತೂ ಬಂದಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಏನು ಬಂತು ಇವಳಿಗೆ?

ಆವತ್ತು ಸಂಜೆ ಮೂವರೂ ಊಟಕ್ಕೆ ಕುಳಿತಾಗ ಇಬ್ಬರು ಅಕ್ಕತಂಗಿಯರ ಬಾಯಿಗೂ ಬೀಗ ಬಿದ್ದಿತ್ತು.

"ಮ್ಯಾಟಿ, ಉಪ್ಪು ಕೊಡೋಕೆ ಹೇಳು ಅವಳಿಗೆ," ಎಂದಳು ಮಿನ್ನಿ.

"ತೊಳೆದಿಟ್ಟಿದೀನಿ ಅಂತ ಹೇಳು, ಡಬ್ಬೀನ," ಎಂದಳು ಗಯೆತಾನಾ.

ಮ್ಯಾಟಿ ಇಬ್ಬರನ್ನೂ ನೋಡಿದ. "ಮೂವತ್ತು ವರ್ಷ ಊರೋರ ಕಾಗದ ಹಂಚಿದೀನಿ. ರಿಟೈರ್ ಆದ್ಮೇಲೂ ಬಿಡಲ್ಲ ಅಂತೀರಲ್ಲ! ಸ್ಟ್ಯಾಂಪ್ ಅಂಟಿಸಿ ಕೊಡಿ, ತಲುಪಿಸ್ತೀನಿ." ಯಾರೂ ನಗಲಿಲ್ಲ. ಅವನು ತಟ್ಟೆ ಎತ್ತಿಕೊಂಡು ಟೀವಿಯ ಮುಂದೆ ಹೋಗಿ ಕುಳಿತ.

ಗುರುವಾರ ಮಿನ್ನಿ ಶಾಲೆಗೆ ರಜೆ ಹಾಕಿದಳು. ಕಲ್ಲನ್ನು ಬರೀ ನೀರಿನಲ್ಲಿ ಮತ್ತೆ ಮತ್ತೆ ಒರೆಸಿ, ಬಟ್ಟೆಯಲ್ಲಿ ಒತ್ತಿ, ಓವನ್ನಿನಲ್ಲಿಟ್ಟು, ಬಾಗಿಲು ಅರೆ ತೆರೆದು, ಇರುವಷ್ಟರಲ್ಲಿ ಸಣ್ಣ ಉರಿ ಹಚ್ಚಿದಳು. ಒಳಗಿನ ನೀರು ಒಮ್ಮೆಲೇ ಹಬೆಯಾದರೆ ಕಲ್ಲು ಎರಡಾಗುತ್ತದೆ. ಅರ್ಧ ಗಂಟೆ ಉರಿ, ಒಂದು ಗಂಟೆ ಬಿಡುವು, ಮತ್ತೆ ಅರ್ಧ ಗಂಟೆ. ಜ್ವರದ ಮಗುವಿನ ಮಗ್ಗುಲಲ್ಲಿ ಕುಳಿತ ಹಾಗೆ ಮಣೆ ಹಾಕಿಕೊಂಡು ಓವನ್ನಿನ ಮುಂದೆ ಕುಳಿತೇ ಇದ್ದಳು. ಪ್ರತಿ ಸಲ ನಿಂಬೆಯ ಹಬೆ ಹೊರಬಂದಾಗ ಅಕ್ಕನಿಗೆ ಒಂದೊಂದು ಹೊಸ ಬೈಗುಳ ಹೊಳೆಯುತ್ತಿತ್ತು.

ಮಧ್ಯಾಹ್ನ ಬಾಗಿಲ ಗಂಟೆ ಬಡಿಯಿತು. ಮೇಲೆ ಗಯೆತಾನಾಳ ಬೂಟಿನ ಸದ್ದು, ಗಂಡಸಿನ ದನಿ, ಆಮೇಲೆ ಇಬ್ಬರೂ ಮೆಟ್ಟಿಲು ಇಳಿದು ಬಂದರು. ಅಕ್ಕ ಭಾನುವಾರದ ನೀಲಿ ಉಡುಪು ತೊಟ್ಟು, ಕತ್ತಿಗೆ ಮುತ್ತಿನ ಸರ ಹಾಕಿದ್ದಳು. ಹಿಂದೆ ಅಳತೆಯ ಟೇಪು, ಕಾಗದ ಸಿಕ್ಕಿಸಿದ ಹಲಗೆ ಹಿಡಿದ ಯುವಕನೊಬ್ಬ.

"ಇವ್ರು ಸಿಟಿ ಆಫೀಸಿನೋರು," ಎಂದಳು ಗಯೆತಾನಾ, ತಂಗಿಯ ಮುಖ ನೋಡದೆ. "ಕಾಗದ ಬಂದಿತ್ತು. ಇವತ್ತು ಮನೆ ನೋಡೋಕೆ ಬರ್ತಾರೆ ಅಂತ."

"ಕಾಗದ ಬಂದಿತ್ತಾ? ನಂಗ್ಯಾಕೆ ತೋರಿಸ್ಲಿಲ್ಲ?"

ಯುವಕ ಟೇಪಿನ ಒಂದು ತುದಿಯನ್ನು ಗೋಡೆಗೆ ಒತ್ತಿ ಉದ್ದ ಅಳೆದ, ಅಗಲ ಅಳೆದ, ಬರೆದುಕೊಂಡ. ಅಷ್ಟರಲ್ಲಿ ಗಯೆತಾನಾ ಮಿನ್ನಿಯನ್ನು ದಾಟಿ ಹೋಗಿ ಓವನ್ನಿನ ಬಾಗಿಲನ್ನು ಪೂರ್ತಿ ತೆರೆದಳು.

"ಇಲ್ಲೂ ನೋಡಿ ಸಾರ್. ಒಳಗೆ ನೋಡಿ. ಬೆಚ್ಚಗಿದೆ ಅಷ್ಟೇ, ಸುಡಲ್ಲ, ಮುಟ್ಟಿ. ಬೆರಳಿಂದ ಒರೆಸಿ ನೋಡಿ, ಏನೂ ಹತ್ತಲ್ಲ."

ಯುವಕ ತಬ್ಬಿಬ್ಬಾದ. "ಓವನ್ ನೋಡೋ ಕೆಲಸ ನಂದಲ್ಲಮ್ಮ. ತೆರಿಗೆಗೆ ಅಳತೆ ತಗೊಳೋದು, ಅಷ್ಟೇ. ಬೀದಿಯ ಎಲ್ಲ ಮನೇದೂ ತಗೋತಿದೀವಿ."

"ಆದ್ರೂ ನೋಡಿ. ನೋಡಿ ಬರ್ಕೊಳಿ. ಕ್ಲೀನಾಗಿದೆ ಅಂತ ಬರ್ಕೊಳಿ."

"ಅಂಥ ಖಾನೆನೇ ಇಲ್ಲಮ್ಮ ಇದ್ರಲ್ಲಿ," ಎಂದು ಅವನು ಹಲಗೆಯನ್ನು ತಿರುಗಿಸಿ ತೋರಿಸಿದ.

ಗಯೆತಾನಾ ಬಗ್ಗಿ ಆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು. ಕೊನೆಯ ಸಾಲಿಗೆ ಬಂದವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಅದನ್ನು ಕಂಡ ಮಿನ್ನಿಯ ನಾಲಿಗೆಯ ತುದಿಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು. ಯುವಕ ಈಸ್ಟರ್ ಶುಭಾಶಯ ಹೇಳಿ ಹೊರಟುಹೋದ.

"ಆವತ್ತು ಇತ್ತು ಆ ಖಾನೆ," ಎಂದಳು ಗಯೆತಾನಾ. ಬಾಗಿಲು ಹಾಕಿದ ಸದ್ದು ಕೇಳುವವರೆಗೂ ಅವಳು ಕಾದಿದ್ದಳು.

"ಯಾವತ್ತು?"

"ಹ್ಯಾರೋ ಬೀದೀಲಿ. ಆ ಕೋಟಿನವ ಬಂದಾಗ ನೀನು ಶರ್ಟ್ ಫ್ಯಾಕ್ಟರೀಲಿದ್ದೆ. ಅಪ್ಪ ಮಲಗಿದ್ರು, ಬೇಕರಿಯೋರಿಗೆ ಹಗಲೇ ಅಲ್ವಾ ನಿದ್ದೆ. ನಾನೇ ಬಾಗಿಲು ತೆಗೆದೆ. ಕಾಫಿ ಕೊಟ್ಟೆ ಕಣೇ ಅವನಿಗೆ! ಭಟ್ಟಿ ತೋರಿಸಿ ಅಂದ. ತೋರಿಸ್ದೆ, ಹೆಮ್ಮೆಯಿಂದ. ಆರಿದ್ದ ಭಟ್ಟಿಯ ಬಾಯಿಗೆ ಕೈ ಹಾಕಿ ಕಲ್ಲಿನ ಮೇಲೆ ಬೆರಳು ಎಳೆದ. ಆ ಕರಿ ಬೆರಳು ನನ್ನ ಮೂಗಿನ ಮುಂದೆ ಹಿಡಿದ. ಆಮೇಲೆ..." ಅವಳು ನೀಲಿ ಉಡುಪಿನ ಮುಂಭಾಗವನ್ನು ಮುಷ್ಟಿಯಲ್ಲಿ ಹಿಡಿದಳು. "ನನ್ನ ಏಪ್ರನ್ ಎಳ್ಕೊಂಡು ಅದ್ರಲ್ಲಿ ಬೆರಳು ಒರೆಸ್ಕೊಂಡ. ಒರೆಸ್ಕೊಂಡು ಬರ್ದ. ಒಂದೇ ಪದ. ತಲೆಕೆಳಗಾಗಿ ಓದಿದ್ರೂ ಕಾಣ್ತಿತ್ತು ನಂಗೆ."

ಮಿನ್ನಿ ಮಣೆಯಿಂದ ಎದ್ದಳು. "ಅಪ್ಪಂಗೆ ಹೇಳಿದ್ಯಾ?"

"ಹೆಂಗೆ ಹೇಳ್ಲಿ? ಬೀದಿಗೆ ಬೀದೀನೇ ಹೋಯ್ತು. ಆವತ್ತು ಬೆಳಗ್ಗೆ ಒಂದು ಸಲ ಆ ಕಲ್ಲು ಉಜ್ಜಿದ್ದಿದ್ರೆ ಅವನು ಏನಂತ ಬರೀತಿದ್ದ? ಇಪ್ಪತ್ತಾರು ವರ್ಷದಿಂದ ಅದೇ ಯೋಚನೆ ನಂಗೆ. ಈಗ ಮತ್ತೆ ಕಾಗದ ಬಂತು. ಈ ಸಲ ಬಿಡಬಾರ್ದು ಅಂದ್ಕೊಂಡೆ."

ಮಿನ್ನಿಗೆ ಸಿಟ್ಟು ಇಳಿಯಲಿಲ್ಲ; ಇನ್ನೂ ಏರಿತು. ಆದರೆ ನಿನ್ನೆಯಿಂದ ಅಕ್ಕನ ಮೇಲೆ ಎಸೆಯುತ್ತಿದ್ದ ಸಿಟ್ಟಿಗೆ ಈಗ ಬೇರೆ ವಿಳಾಸ ಸಿಕ್ಕಿತ್ತು. ಕಾಫಿ ಕುಡಿದು, ಮನೆಯ ಹೆಣ್ಣುಮಗಳ ಸೆರಗಿನಂಥ ಬಟ್ಟೆಗೆ ಕೈ ಒರೆಸುವುದೆಂದರೇನು! ಊರಿಗೆಲ್ಲ ಬ್ರೆಡ್ಡು ಕೊಟ್ಟ ಕಲ್ಲಿಗೆ ಹೊಲಸೆಂದು ಹೆಸರಿಡಲು ಅವನು ಯಾರು? ತನ್ನ ಅಕ್ಕ ಮೂವತ್ತಮೂರರಿಂದ ಐವತ್ತೊಂಬತ್ತರವರೆಗೆ ಬಾಗಿಲ ಹಿಡಿಕೆ ಒರೆಸುತ್ತಾ ಕಳೆದ ಆಯುಷ್ಯಕ್ಕೆ ಯಾವ ಕಚೇರಿಯವರು ಬಂದು ಉತ್ತರ ಹೇಳುತ್ತಾರೆ? ಅಷ್ಟೇ ಅಲ್ಲ, ಇದೇನೂ ತಿಳಿಯದೆ ತಾನೂ ಅಷ್ಟು ವರ್ಷ ಅಕ್ಕನನ್ನು ಹುಚ್ಚಿ ಎಂದು ಆಡಿಕೊಂಡು ನಕ್ಕಿದ್ದಳಲ್ಲ ಎಂದು ಅವಳಿಗೆ ತನ್ನ ಮೇಲೂ ಕೋಪ ಬಂತು.

"ಹೆದ್ದಾರಿಯ ನಕ್ಷೆ ಮೊದ್ಲೇ ಬರೆದಾಗಿತ್ತು ಅಕ್ಕಾ," ಎಂದಳು. "ನೀನು ಉಜ್ಜಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ."

"ನೀನು ಹಂಗೇ ಹೇಳ್ತೀಯ," ಎಂದು ಗಯೆತಾನಾ ಮೇಲೆ ಹೋದಳು. ಅವಳಿಗೆ ನಂಬಿಕೆ ಬಂದಿರಲಿಲ್ಲ.

ಶುಕ್ರವಾರ ಸಂಜೆ ಏಳು ಜನರೂ ಬಂದರು. ಮಿನ್ನಿ ಓವನ್ನಿನ ಉರಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಕಿವಿಯನ್ನು ಬಾಗಿಲಿಗೇ ಕೊಟ್ಟು ನಿಂತಿದ್ದಳು. ಪಟ್ ಎನ್ನುವ ಸದ್ದು ಬರಲಿಲ್ಲ. ಮರದ ಸಲಿಕೆಗೆ ಜೋಳದ ರವೆ ಉದುರಿಸಿ ಮೊದಲ ಅಬೀಟ್ಸನ್ನು ಒಳಗೆ ಜಾರಿಸಿದಳು. ಕಲ್ಲು ತಾಳಿಕೊಂಡಿತು. ಅಂಚು ಉಬ್ಬಿತು, ಕರಿಯೂ ಆಯಿತು. ಮಿನ್ನಿ ಎರಡು ದಿನದ ಉಸಿರನ್ನು ಒಮ್ಮೆಗೇ ಬಿಟ್ಟಳು.

ಬೀದಿಯ ಹಳೆಯ ಕ್ಷೌರಿಕ, ಎಂಬತ್ತು ದಾಟಿದ ಫಿಯೋರೆ, ಮೊದಲ ತುಂಡು ಕಚ್ಚಿ, ಅಗಿಯುವುದನ್ನು ನಿಲ್ಲಿಸಿದ.

"ಮಿನ್ನೀ, ಯಾರಿಗಮ್ಮಾ ಸ್ನಾನ ಮಾಡಿಸ್ದೆ ಇದ್ರ ಮೇಲೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಮಿನ್ನಿ ಏನೋ ಸುಳ್ಳು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಯೆತಾನಾ ಎದ್ದು ನಿಂತಿದ್ದಳು.

"ನಾನು ತೊಳ್ದಿದ್ದು," ಎಂದಳು. ಎಂದವಳು ಕುಳಿತುಕೊಳ್ಳಲಿಲ್ಲ. ಕೋಟಿನವನು, ಕಾಫಿ, ಬೆರಳು, ಏಪ್ರನ್ನು, ಎಲ್ಲವನ್ನೂ ಮೇಜಿನ ಮೇಲೆ ಹಾಕಿದಳು. ಕೊನೆಗೆ, "ನಿಮ್ಮ ಬೀದಿ ಹೋಗಿದ್ದು ನನ್ನಿಂದ. ನನ್ನ ಭಟ್ಟಿ ಕಪ್ಪಗಿತ್ತು," ಎಂದಳು.

ಫಿಯೋರೆ ತುಂಡನ್ನು ತಟ್ಟೆಯಲ್ಲಿಟ್ಟ.

"ನನ್ನ ಅಂಗಡಿ ನೆನಪಿದೆಯೇನೇ ನಿಂಗೆ? ನೆಲದಿಂದ ಸೂರಿನವರೆಗೆ ಬಿಳೀ ಟೈಲ್ಸು. ದಿನಕ್ಕೆ ಮೂರು ಸಲ ಒರೆಸ್ತಿದ್ದೆ. ಕತ್ತರಿ ಕುದಿಯೋ ನೀರಲ್ಲಿ ಅದ್ದಿ ಇಡ್ತಿದ್ದೆ. ಪಾದ್ರಿಗಳು ಬಂದ್ರೆ ಇದು ಆಸ್ಪತ್ರೇನೋ ಅಂಗಡೀನೋ ಅನ್ನೋರು."

"ನೆನಪಿದೆ."

"ಆ ಬಡ್ಡೀಮಗ ನನ್ನ ಅಂಗಡಿಗೂ ಬಂದಿದ್ದ. ಬಾಗಿಲಲ್ಲೇ ನಿಂತಿದ್ದ, ಒಳಗೆ ಕಾಲೂ ಇಡ್ಲಿಲ್ಲ, ಬೆರಳೂ ಎಳೀಲಿಲ್ಲ. ನನ್ನ ಹೆಸರು ಕೇಳ್ದ, ಹೇಳ್ದೆ. ವಲಸೆ ಬಂದೋರ ಹೆಸರು ಅಂತ ಗೊತ್ತಾದ ಮೇಲೆ ಬರ್ದ. ನಾನೂ ಓದ್ದೆ ಕಣಮ್ಮಾ. ಅದೇ ಪದ!" ಮುದುಕ ಮೇಜನ್ನು ಗುದ್ದಿದ ಹೊಡೆತಕ್ಕೆ ಲೋಟಗಳು ಕುಣಿದವು. "ಅವಮಾನ ಅಂತ ನಾನೂ ಯಾರ ಹತ್ರನೂ ಹೇಳ್ಲಿಲ್ಲ."

ಮೇಜಿನ ಆ ತುದಿಯಿಂದ ಒಬ್ಬಾಕೆ, "ನಮ್ಮನೇಲೂ," ಎಂದಳು. ಇನ್ನೊಬ್ಬ ತಲೆಯಾಡಿಸಿದ. ಇಪ್ಪತ್ತಾರು ವರ್ಷ ಪ್ರತಿ ಶುಭ ಶುಕ್ರವಾರ ಒಟ್ಟಿಗೆ ಕುಳಿತು ಉಂಡವರು, ಒಬ್ಬೊಬ್ಬರೂ ಆ ಪದವನ್ನು ತಮ್ಮ ಮನೆಗೆ ಮಾತ್ರ ಬರೆದದ್ದೆಂದು ಬಚ್ಚಿಟ್ಟುಕೊಂಡಿದ್ದರು. ಗಯೆತಾನಾ ನಿಧಾನವಾಗಿ ಕುರ್ಚಿಯ ಮೇಲೆ ಕುಳಿತಳು. ಬಾಯಿ ತುಸು ತೆರೆದೇ ಇತ್ತು. ಯಾರೋ ಅವಳ ತಟ್ಟೆಗೆ ಒಂದು ತುಂಡು ಹಾಕಿದರು. ಸೋಪಿನ ರುಚಿಯ ಆ ತುಂಡನ್ನು ಅವಳು ಪೂರ್ತಿ ತಿಂದಳು. ಎಲ್ಲರೂ ತಿಂದರು.

ಮಿನ್ನಿ ಎರಡನೆಯದನ್ನು ಒಳಗೆ ಜಾರಿಸಿದಳು. ಸಿಟ್ಟಿನಲ್ಲಿ ಟೊಮೆಟೊ ಸುರಿದಿದ್ದು ಹೆಚ್ಚಾಗಿತ್ತೋ ಏನೋ, ಅಂಚಿನಿಂದ ಹರಿದು ತಿಳಿ ಬಣ್ಣದ ಕಲ್ಲಿನ ಮೇಲೆ ಚುರ್ರೆಂದಿತು. ಹೊಗೆ ಎದ್ದಿತು, ಅಂಗೈಯಗಲ ಕರಿಕಲೆ ಹರಡತೊಡಗಿತು. ಅಕ್ಕನಿಗೆ ಕಂಡರೆ ಸಂಕಟ ಎಂದುಕೊಂಡು ಮಿನ್ನಿ ಅವಸರದಲ್ಲಿ ಕೆರೆಯುವ ತಗಡಿಗೆ ಕೈ ಹಾಕಿದಳು.

ಹಿಂದಿನಿಂದ ಬಂದ ಗಯೆತಾನಾ ಅವಳ ಮುಂಗೈ ಹಿಡಿದಳು.

"ಬಿಡೇ," ಎಂದಳು, ಕಲೆಯ ಮೇಲಿಂದ ಕಣ್ಣು ತೆಗೆಯದೆ. "ಸುಡ್ಲಿ. ಇನ್ನೂ ಕಪ್ಪಗಾಗ್ಲಿ."